ಎಸ್‌ಜಿಪಿಟಿ 168: ತಪ್ಪೆಲ್ಲ ಇಂಜೆಕ್ಷನ್ನಿನದೇನಾ?

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನಮ್ಮ ಭಾವನ ರಕ್ತದ ರಿಪೋರ್ಟ್ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಂತು. ಎಸ್‌ಜಿಪಿಟಿ 168. ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಅಂಶ ಅದು, ನಲವತ್ತರ ಆಸುಪಾಸು ಇರಬೇಕಾದದ್ದು. ಲ್ಯಾಬಿನವರು ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಪಕ್ಕದಲ್ಲಿ ಒಂದು ಬಾಣ ಬೇರೆ ಇಟ್ಟಿದ್ದರು. ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ತೀರ್ಪು ಬಂದೇ ಬಿಟ್ಟಿತು: ಆ ದುಬಾರಿ ಇಂಜೆಕ್ಷನ್ನೇ ಲಿವರ್ ಹಾಳು ಮಾಡಿದ್ದು, ಈಗಲೇ ನಿಲ್ಲಿಸಬೇಕು.

ಭಾವನಿಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ. ದಿನಕ್ಕೆ ಹತ್ತು ಹನ್ನೆರಡು ಸಲ ರಕ್ತ ಬೆರೆತ ಭೇದಿ. ಮದುವೆಮನೆಗೆ ಹೋದರೆ ಊಟದ ಪಂಕ್ತಿಗಿಂತ ಮೊದಲು ಪಾಯಖಾನೆ ಎಲ್ಲಿದೆ ಅಂತ ನೋಡಿಕೊಳ್ಳುವ ಪರಿಸ್ಥಿತಿ. ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ (ಮನೆಯವರು ಇಂಜೆಕ್ಷನ್ ಅನ್ನುವುದು ಇದನ್ನೇ) ಶುರುವಾದ ನಾಲ್ಕು ತಿಂಗಳಿಗೆ ಅಡಿಕೆ ಕೊನೆಕೊಯ್ಲು ಬಂತು. ಅವನು ಬೆಳಗ್ಗಿಂದ ಸಂಜೆವರೆಗೆ ತೋಟದಲ್ಲೇ ನಿಂತಿದ್ದ. ಹಾಗಾಗಿ 'ನಿಲ್ಲಿಸಿಬಿಡಿ' ಅನ್ನುವುದು ಸುಮ್ನೆ ಹೇಳುವ ಮಾತಲ್ಲ. ನಿಲ್ಲಿಸಿದರೆ ಎಷ್ಟೋ ಜನರಿಗೆ ಕಾಯಿಲೆ ಮರಳುತ್ತದೆ. ಕೆಲವರಿಗೆ ಕರುಳನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಆ 168 ಎಲ್ಲಿಂದ ಬಂತು ಅನ್ನುವುದನ್ನು ಹುಡುಕುತ್ತ ಹೋದಾಗ ನನಗೆ ಕಂಡದ್ದು ಇಷ್ಟು: ಇಂಜೆಕ್ಷನ್ ಶಂಕಿತರಲ್ಲಿ ಒಬ್ಬ ಮಾತ್ರ. ಅದರ ಸುತ್ತ ಇನ್ನೂ ನಾಲ್ಕೈದು ಜನ ನಿಂತಿರುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಅವರೆಲ್ಲರನ್ನೂ ಒಟ್ಟಿಗೆ ನೋಡುವ ಕಣ್ಣೇ ಇಲ್ಲ.

ಮೊದಲು ಔಷಧದ ವಿಷಯ. ಭಾವನ ಇಂಜೆಕ್ಷನ್ ಬಯಾಲಜಿಕ್ ಅನ್ನುವ ಜಾತಿಯದು. ಬಯಾಲಜಿಕ್ ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡುವ ಮಾತ್ರೆಯಲ್ಲ, ಜೀವಕೋಶಗಳಲ್ಲಿ ಬೆಳೆಸಿ ತೆಗೆಯುವ ಪ್ರೋಟೀನ್. ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಕರುಳಿನ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಕರುಳಿನ ಉರಿಯೂತಕ್ಕೆ ಬಂದ ಮೊದಲ ಬಯಾಲಜಿಕ್ ಅದು. ಆಮೇಲೆ ಅಡಾಲಿಮುಮ್ಯಾಬ್, ವೆಡೋಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್, 2022ರಲ್ಲಿ ರಿಸಾಂಕಿಜುಮ್ಯಾಬ್, ಹೀಗೆ ಸಾಲು ಬೆಳೆಯಿತು. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನೇ ಹೋಲುವಂತೆ ಬೇರೆ ಕಂಪನಿ ಮಾಡುವ ಪ್ರತಿರೂಪ, ಬಂದದ್ದು ಭಾರತದಲ್ಲೇ, 2014ರ ಡಿಸೆಂಬರಿನಲ್ಲಿ, ಝೈಡಸ್ ಕಂಪನಿಯಿಂದ. ಬೆಲೆ ಇಳಿದದ್ದು ಇಂಥ ಬಯೋಸಿಮಿಲರ್‌ಗಳಿಂದ. ಹಾಗಂತ ಅಗ್ಗವೇನೂ ಆಗಲಿಲ್ಲ. ಭಾವ ಇವತ್ತಿಗೂ ಒಂದೊಂದು ಡ್ರಿಪ್ಪಿಗೆ ಅಡಿಕೆ ಮೂಟೆಯ ಲೆಕ್ಕದಲ್ಲೇ ಮಾತಾಡುತ್ತಾನೆ.

ಪ್ಯಾರಾಸಿಟಮಾಲ್‌ನಂಥ ಮಾತ್ರೆ ಲಿವರಿನ ಮೂಲಕವೇ ಹಾದುಹೋಗಬೇಕು. ಡೋಸ್ ಜಾಸ್ತಿಯಾದರೆ ಅಲ್ಲೇ ನೇರವಾಗಿ ಪೆಟ್ಟು. ಬಯಾಲಜಿಕ್ ಹಾಗಲ್ಲ. ಅದನ್ನು ದೇಹ ಬೇರೆ ಪ್ರೋಟೀನ್‌ಗಳ ಹಾಗೇ ಒಡೆದು ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ. ಹಾಗಾದರೆ ಲಿವರಿಗೆ ತೊಂದರೆ ಯಾಕೆ? ಇನ್‌ಫ್ಲಿಕ್ಸಿಮ್ಯಾಬ್ ಕಟ್ಟಿಹಾಕುವುದು ಟಿಎನ್‌ಎಫ್ ಎಂಬ ಅಂಶವನ್ನು. ಉರಿಯೂತಕ್ಕೆ ತುಪ್ಪ ಸುರಿಯುವುದೂ ಅದೇ, ದೇಹದ ರಕ್ಷಣಾ ಪಡೆಯನ್ನು ಹದ್ದುಬಸ್ತಿನಲ್ಲಿ ಇಡುವುದರಲ್ಲೂ ಅದರ ಪಾಲಿದೆ. ಅದನ್ನು ಕಟ್ಟಿಹಾಕಿದಾಗ ಅಪರೂಪಕ್ಕೆ ಕೆಲವರಲ್ಲಿ ಆ ಪಡೆ ದಾರಿ ತಪ್ಪಿ ತನ್ನದೇ ಲಿವರಿನ ಮೇಲೆ ಬೀಳುತ್ತದೆ. ವೈದ್ಯರು ಇದನ್ನು ಔಷಧದಿಂದ ಬಂದ ಆಟೋಇಮ್ಯೂನ್ ಹೆಪಟೈಟಿಸ್ ಅನ್ನುತ್ತಾರೆ.

ಎಷ್ಟು ಅಪರೂಪ? ಇಡೀ ದೇಶದ ಜನರ ಔಷಧಗಳ ದಾಖಲೆ ಇಟ್ಟುಕೊಂಡಿರುವ ಐಸ್‌ಲ್ಯಾಂಡ್‌ನಲ್ಲಿ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ 148 ಜನರಲ್ಲಿ ಒಬ್ಬರಿಗೆ ಲಿವರ್ ತೊಂದರೆ. ಅದೇ ಲೆಕ್ಕದಲ್ಲಿ ಅಜಥಯೊಪ್ರಿನ್ ತಗೊಂಡ 133 ಜನರಲ್ಲಿ ಒಬ್ಬರಿಗೆ. ಈ ಎರಡನೇ ಅಂಕಿಯನ್ನು ನಾನು ಎರಡು ಸಲ ಓದಿದೆ. ಅಜಥಯೊಪ್ರಿನ್ ಅಂದರೆ ದಶಕಗಳಿಂದ ಬಳಕೆಯಲ್ಲಿರುವ ಸಣ್ಣ ಮಾತ್ರೆ. ಅದನ್ನು ಕಂಡು ಯಾರೂ ಹೆದರುವುದಿಲ್ಲ. ಭಾವ ಅದನ್ನೂ ನುಂಗುತ್ತಿದ್ದ. ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಅದನ್ನು ಕೊಡುವುದು ರೂಢಿ, ದೇಹ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯ ಕಟ್ಟದಿರಲಿ ಅಂತ. ಎಸ್‌ಜಿಪಿಟಿ ಏರಿದಾಗ ಮಾತ್ರ ಎಲ್ಲರ ಬೆರಳು ತಿರುಗಿದ್ದು ದುಬಾರಿಯಾದದ್ದರ ಕಡೆಗೆ.

ಇನ್‌ಫ್ಲಿಕ್ಸಿಮ್ಯಾಬ್‌ನಿಂದ ಹೀಗಾದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗುತ್ತದೆ. ಎಷ್ಟೋ ಜನರಿಗೆ ಮೈಮೇಲೆ ಯಾವ ಸೂಚನೆಯೂ ಇರುವುದಿಲ್ಲ, ಕಾಗದದ ಮೇಲೆ ಮಾತ್ರ ಅಂಕಿ ಏರಿರುತ್ತದೆ. ಔಷಧ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಇಳಿಯುತ್ತದೆ, ಕೆಲವರಿಗೆ ಸ್ವಲ್ಪ ಕಾಲ ಸ್ಟಿರಾಯ್ಡ್ ಬೇಕಾಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್‌ಗೆ ಹೀಗಾದವರು ಅಡಾಲಿಮುಮ್ಯಾಬ್‌ಗೆ ಬದಲಾಯಿಸಿದರೆ ಸಾಮಾನ್ಯವಾಗಿ ಅದು ಒಗ್ಗುತ್ತದೆ. ಒಂದು ಇಂಜೆಕ್ಷನ್ ಒಗ್ಗಲಿಲ್ಲ ಅಂತ ಎಲ್ಲ ಬಾಗಿಲೂ ಮುಚ್ಚಿದ ಹಾಗಲ್ಲ. ವೆಡೋಲಿಜುಮ್ಯಾಬ್ ಮುಖ್ಯವಾಗಿ ಕರುಳಿನ ಮಟ್ಟಿಗೆ ಕೆಲಸ ಮಾಡುವಂಥದ್ದು, ಆದರೂ ಅದರ ಎಚ್ಚರಿಕೆಗಳಲ್ಲಿ ಲಿವರಿನ ಹೆಸರಿದೆ. ರಿಸಾಂಕಿಜುಮ್ಯಾಬ್ ಕ್ರೋನ್ಸ್‌ಗೆ ಕೊಡುವಾಗ ಶುರು ಮಾಡುವ ಮೊದಲೂ, ಮೊದಲ 12 ವಾರಗಳಲ್ಲೂ ಲಿವರ್ ಪರೀಕ್ಷೆ ಮಾಡಿಸಬೇಕು ಅಂತ ಅಮೆರಿಕದ ಲೇಬಲ್ಲೇ ಹೇಳುತ್ತದೆ.

ಎಎನ್‌ಎ ಅಂತ ಒಂದು ಪರೀಕ್ಷೆ ಇದೆ. ಆಟೋಇಮ್ಯೂನ್ ಕಾಯಿಲೆಗಳಲ್ಲಿ ಅದು ಪಾಸಿಟಿವ್ ಬರುತ್ತದೆ. ಭಾವನದ್ದೂ ಪಾಸಿಟಿವ್ ಬಂತು. 'ನೋಡಿ, ಸಿಕ್ಕಿಬಿತ್ತು' ಅಂದರು ನಮ್ಮವರು. ಆದರೆ ಇನ್‌ಫ್ಲಿಕ್ಸಿಮ್ಯಾಬ್ ತಗೊಳ್ಳುವವರಲ್ಲಿ, ಮೊದಲು ನೆಗೆಟಿವ್ ಇದ್ದವರ ಪೈಕಿ ಹೆಚ್ಚುಕಡಿಮೆ ಅರ್ಧ ಜನರಿಗೆ ಅದು ಪಾಸಿಟಿವ್ ಆಗುತ್ತದೆ, ಲಿವರ್ ಗಟ್ಟಿಮುಟ್ಟಾಗಿದ್ದರೂ. ಅಂದರೆ ಅದೊಂದನ್ನೇ ಹಿಡಿದುಕೊಂಡು ಏನನ್ನೂ ಹೇಳಲಾಗದು.

ಅಂಕಿ ಓದುವುದಕ್ಕೂ ಒಂದು ಲೆಕ್ಕವಿದೆ. ಎಸ್‌ಜಿಪಿಟಿ ಮಿತಿಯ ಎರಡು ಪಟ್ಟಿನೊಳಗೆ ಇದ್ದರೆ ಸಾಮಾನ್ಯವಾಗಿ ಮತ್ತೊಮ್ಮೆ ಪರೀಕ್ಷೆ, ಅಷ್ಟೇ. ಎಷ್ಟೋ ಸಲ ಅದು ಕೊಬ್ಬು ತುಂಬಿದ ಲಿವರ್. ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದು, ಆಮೇಲೆ ಕರುಳು ಸರಿಯಾಗಿ ಹಸಿವು ಮರಳಿ, ತೂಕ ಏರಿದವರಲ್ಲಿ ಇದು ಸಾಮಾನ್ಯ. ಐದು ಪಟ್ಟು ದಾಟಿದರೆ, ಅಥವಾ ಕಣ್ಣು ಹಳದಿಯಾದರೆ, ಇನ್‌ಫ್ಲಿಕ್ಸಿಮ್ಯಾಬ್ ನಿಲ್ಲಿಸಿ ಕಾರಣ ಹುಡುಕಬೇಕು. ನಿಜವಾಗಿ ಎದೆ ನಡುಗಿಸಬೇಕಾದದ್ದು ಜೋಡಿ ಅಂಕಿ: ಎಸ್‌ಜಿಪಿಟಿ ಮೂರು ಪಟ್ಟು ಮೀರಿ, ಜೊತೆಗೆ ಕಣ್ಣನ್ನು ಹಳದಿ ಮಾಡುವ ಅಂಶವಾದ ಬಿಲಿರುಬಿನ್ ಎರಡು ಪಟ್ಟು ಮೀರುವುದು. ಔಷಧದಿಂದಲೇ ಹೀಗಾಗಿದ್ದರೆ ಸುಮಾರು ಹತ್ತರಲ್ಲಿ ಒಬ್ಬರು ಸಾವಿನ ಅಥವಾ ಲಿವರ್ ಕಸಿಯ ಹಂತ ಮುಟ್ಟುತ್ತಾರೆ. ಹೈಮನ್ ಝಿಮರ್‌ಮನ್ ಎಂಬ ಅಮೆರಿಕದ ವೈದ್ಯರು ಗುರುತಿಸಿದ ಸೂತ್ರ ಇದು. ಭಾವನ 168 ಅಂದರೆ ನಾಲ್ಕು ಪಟ್ಟು, ಬಿಲಿರುಬಿನ್ ಸರಿಯಿತ್ತು. ಕಾಯಬಹುದಾದ, ಆದರೆ ಮರೆತು ಕೂರಬಾರದ ಜಾಗ ಅದು.

ಎಸ್‌ಜಿಪಿಟಿ ಸುಮಾರಾಗಿದ್ದು ಪಿತ್ತನಾಳದ ತೊಂದರೆಯಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಏರಿದ್ದರೆ ಕತೆಯೇ ಬೇರೆ. ಅಲ್ಸರೇಟಿವ್ ಕೊಲೈಟಿಸ್ ಇರುವ ಕೆಲವರಲ್ಲಿ ಪಿತ್ತನಾಳಗಳು ಗಡುಸಾಗಿ ಕಿರಿದಾಗುವ ಇನ್ನೊಂದು ಕಾಯಿಲೆ ಜೊತೆಗೇ ಬರುತ್ತದೆ. ಪಿಎಸ್‌ಸಿ ಅನ್ನುತ್ತಾರೆ. ಅದು ಯಾವ ಔಷಧದ ಪಾಪವೂ ಅಲ್ಲ. ಎಂಆರ್‌ಸಿಪಿ ಸ್ಕ್ಯಾನ್‌ನಲ್ಲಿ ನಾಳಗಳನ್ನು ನೋಡಬೇಕು.

ಮಲಗಿದ ವೈರಸ್, ಮಲಗಿದ ಟಿಬಿ

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಅಪಾಯ ಹೆಪಟೈಟಿಸ್ ಬಿ. ಜನ ಕಡಿಮೆ ಮಾತಾಡುವುದೂ ಅದರ ಬಗ್ಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಈ ವೈರಸ್ ಇತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಲಿವರಿನಲ್ಲಿ ಮಲಗಿರುತ್ತದೆ. ಅದನ್ನು ಮಲಗಿಸಿಟ್ಟ ಕಾವಲುಗಾರರಲ್ಲಿ ಟಿಎನ್‌ಎಫ್ ಕೂಡ ಒಬ್ಬ. ನಾವೇ ಕಾವಲುಗಾರನ ಕೈ ಕಟ್ಟುತ್ತೇವೆ, ವೈರಸ್ ಏಳುತ್ತದೆ. ಸ್ಪೇನ್‌ನಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕರುಳಿನ ಉರಿಯೂತವಿದ್ದು ಈ ವೈರಸ್ಸೂ ಇದ್ದ 25 ಜನರ ಪೈಕಿ 9 ಮಂದಿಗೆ ಲಿವರ್ ಕೆಟ್ಟಿತು. ಅವರಲ್ಲಿ ಕೆಲವರ ಲಿವರ್ ಪೂರ್ತಿ ಸೋತಿತು. ಐಸ್‌ಲ್ಯಾಂಡ್‌ನ 148ರಲ್ಲಿ ಒಂದು ಎಲ್ಲಿ, ಇದೆಲ್ಲಿ!

ಬೇಸರದ ಸಂಗತಿ ಅಂದರೆ ಇದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯಬಹುದು ಅನ್ನುವುದು. ಬಯಾಲಜಿಕ್ ಶುರು ಮಾಡುವ ಮೊದಲು ವೈರಸ್ ಈಗ ಮೈಯಲ್ಲಿದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸುತ್ತಾರೆ. ಆಪರೇಷನ್ನಿಗೆ ಮುಂಚೆ, ಬಾಣಂತನಕ್ಕೆ ಮುಂಚೆ ಎಲ್ಲರಿಗೂ ಮಾಡುವಂಥದ್ದೇ. ಅದೊಂದೇ ಸಾಲದು. ಹಿಂದೆ ಯಾವಾಗಲೋ ವೈರಸ್ ಬಂದುಹೋಗಿ, ಗುರುತು ಮಾತ್ರ ಉಳಿದವರನ್ನು ಹಿಡಿಯಲು ಆಂಟಿ-ಎಚ್‌ಬಿಸಿ ಎಂಬ ಇನ್ನೊಂದು ಪರೀಕ್ಷೆ ಬೇಕು. ಭಾವನ ದಪ್ಪ ಫೈಲಿನಲ್ಲಿ ಮೊದಲನೆಯದಿತ್ತು, ಎರಡನೆಯದು ಇರಲಿಲ್ಲ. ಡ್ರಿಪ್ ಶುರುವಾಗಿ ಎಂಟು ತಿಂಗಳ ಮೇಲೆ, ಎಸ್‌ಜಿಪಿಟಿ ಏರಿದಾಗ ಮಾಡಿಸಿದರು. ನೆಗೆಟಿವ್ ಬಂತು, ಪುಣ್ಯ. ಪುಣ್ಯದ ಮೇಲೆ ನಿಲ್ಲಬೇಕಾದ ವಿಷಯವೇ ಅಲ್ಲ ಇದು.

ಪಾಸಿಟಿವ್ ಬಂದರೂ ಬಯಾಲಜಿಕ್ ಕೊಡಬಾರದು ಅಂತಿಲ್ಲ. ವೈರಸ್ಸನ್ನು ಅಡಗಿಸಿಡುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಮೊದಲು ಶುರು ಮಾಡಿ, ಬಯಾಲಜಿಕ್ ಮುಗಿದ ಮೇಲೂ ಹಲವು ತಿಂಗಳು ಮುಂದುವರಿಸುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ದೇಶದ ತುಂಬ ಸಿಗತೊಡಗಿದ್ದು 2011ರ ಹೊತ್ತಿಗೆ. ಈಗ ಈ ಇಂಜೆಕ್ಷನ್ ತಗೊಳ್ಳುತ್ತಿರುವ ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸಿನವರಲ್ಲಿ ಹೆಚ್ಚಿನವರು ಅದಕ್ಕೂ ಮುಂಚಿನವರು. ರಕ್ತದಲ್ಲಿ ಯಾವ ಗುರುತೂ ಇಲ್ಲದವರಿಗೆ ಈಗಲಾದರೂ ಲಸಿಕೆ ಹಾಕಿಸಬಹುದು, ಅದು ಜೀವಂತ ಲಸಿಕೆಯಲ್ಲ.

ಟಿಬಿಯದ್ದೂ ಇಂಥದ್ದೇ ಕತೆ, ಇನ್ನೊಂದು ತಿರುವಿನೊಂದಿಗೆ. ಟಿಎನ್‌ಎಫ್ ಕಟ್ಟಿದರೆ ಮಲಗಿದ ಟಿಬಿ ಏಳಬಹುದು. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ, ರಕ್ತದ ಇಗ್ರಾ ಅಥವಾ ಚರ್ಮದ ಪರೀಕ್ಷೆ. ಪಾಸಿಟಿವ್ ಬಂದರೆ ಐಸೊನಿಯಜಿಡ್ ಆರು ತಿಂಗಳು, ಇಲ್ಲವೇ ವಾರಕ್ಕೊಮ್ಮೆಯಂತೆ 12 ವಾರ ರಿಫಾಪೆಂಟಿನ್ ಜೊತೆ. ಐಸೊನಿಯಜಿಡ್ ಲಿವರಿಗೆ ತ್ರಾಸು ಕೊಡುವುದರಲ್ಲಿ ಹೆಸರುವಾಸಿ. ನಮ್ಮ ದೇಶದಲ್ಲಿ ಕರುಳಿನ ಟಿಬಿಯನ್ನೂ ಕ್ರೋನ್ಸ್ ಕಾಯಿಲೆಯನ್ನೂ ಬೇರೆ ಮಾಡುವುದೇ ಕಷ್ಟ, ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲೇ ಕೂತಿರುತ್ತವೆ. ಹಾಗಾಗಿ ಎಷ್ಟೋ ಜನ ಕ್ರೋನ್ಸ್ ಅಂತ ಗೊತ್ತಾಗುವ ಮೊದಲು ಟಿಬಿ ಔಷಧದ ಪೂರ್ತಿ ಸೆಟ್ ತಿಂದಿರುತ್ತಾರೆ. ಐಸೊನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಮೂರಕ್ಕೂ ಲಿವರಿನ ಮೇಲೆ ಕಣ್ಣು. ಬಯಾಲಜಿಕ್ ಬರುವ ಹೊತ್ತಿಗೆ ಲಿವರ್ ಆಗಲೇ ಒಂದು ಸುತ್ತು ಪೆಟ್ಟು ತಿಂದಿರುತ್ತದೆ.

ಅತ್ತೆಯ ಕಷಾಯ

ಆಸ್ಪತ್ರೆಯ ಡಾಕ್ಟರು ಭಾವನಿಗೆ ಕೇಳಿದ ಮೊದಲ ಪ್ರಶ್ನೆ ಇಂಜೆಕ್ಷನ್ ಬಗ್ಗೆ ಇರಲೇ ಇಲ್ಲ. "ಬೇರೆ ಏನು ತಗೊಳ್ತಿದ್ದೀರಿ?" ಏನೂ ಇಲ್ಲ ಅಂದ ಅವನು. ಸುಳ್ಳು ಹೇಳಿದ್ದಲ್ಲ. ಅವನ ಲೆಕ್ಕದಲ್ಲಿ ಅದು ಔಷಧವೇ ಆಗಿರಲಿಲ್ಲ. ಕೊರೊನಾ ಕಾಲದಿಂದ ಅತ್ತೆ ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ ಮಾಡಿ ಮನೆಯವರಿಗೆಲ್ಲ ಕೊಡುತ್ತಾರೆ. ಬಳ್ಳಿ ಬೇಲಿಯ ಮೇಲೇ ಹಬ್ಬಿದೆ. ಫೋನಿನಲ್ಲಿ ನಾನು ಕೇಳಿದಾಗ ಅತ್ತೆ ನಕ್ಕರು. "ಬಳ್ಳಿ ಕಷಾಯ ಎಂತಾ ಮಾಡ್ತು?"

ಮಾಡಬಹುದು, ಅದೇ ತೊಂದರೆ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ತಗೊಂಡ ಆರು ಜನರಲ್ಲಿ ಲಿವರ್ ಉರಿಯೂತ ಕಂಡು ವರದಿ ಮಾಡಿದರು. ಆಮೇಲೆ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ಅಧ್ಯಯನ 2022ರಲ್ಲಿ ಬಂತು. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಅಂದಿತು. ಆ ಜಗಳ ಹಾಗಿರಲಿ. ಇಲ್ಲಿ ಮುಖ್ಯವಾದದ್ದು ಬೇರೆ. ಆ ರೋಗಿಗಳ ಲಿವರಿನಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್ ತರಹದ್ದೇ ಚಿತ್ರ. ಇನ್‌ಫ್ಲಿಕ್ಸಿಮ್ಯಾಬ್ ಮಾಡುವುದೂ ಅದನ್ನೇ. ಲಿವರಿನ ಚೂರು ತೆಗೆದು ಬಯಾಪ್ಸಿ ಮಾಡಿ ನೋಡಿದರೂ ಇಬ್ಬರು ಕಳ್ಳರ ಹೆಜ್ಜೆ ಒಂದೇ ತರ ಇರುತ್ತದೆ. ಕಷಾಯದ ವಿಷಯ ಬಾಯಿಬಿಟ್ಟು ಹೇಳದಿದ್ದರೆ ಶಿಕ್ಷೆ ಆಗುವುದು ಇಂಜೆಕ್ಷನ್ನಿಗೆ.

ಒಂದು ಬದಿಯಲ್ಲಿ ಆಟೋಇಮ್ಯೂನ್ ಕಾಯಿಲೆ ಇದೆ, ಅದನ್ನು ತಣಿಸಲು ಸಾವಿರಗಟ್ಟಲೆ ಕೊಟ್ಟು ಔಷಧ. ಇನ್ನೊಂದು ಬದಿಯಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲಿ ಅಂತ ದಿನಾ ಕಷಾಯ. ಎಕ್ಸಿಲರೇಟರ್, ಬ್ರೇಕ್ ಎರಡನ್ನೂ ಒಟ್ಟಿಗೆ ಒತ್ತಿದ ಹಾಗಲ್ವಾ? ಭಾವನಿಗೆ ಈ ಮಾತು ತಟ್ಟಿತು. ಅತ್ತೆಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಅರಿಶಿನವೂ ಈ ಪಟ್ಟಿಯಲ್ಲಿದೆ ಅಂದರೆ ಜನ ಸಿಟ್ಟಾಗುತ್ತಾರೆ. ಸಾರಿಗೆ ಹಾಕುವ ಚಿಟಿಕೆಯ ಮಾತಲ್ಲ. ಕರುಳಿನ ಉರಿಗೆ ಒಳ್ಳೆಯದು ಅಂತ ಕರ್ಕ್ಯುಮಿನ್ ಕ್ಯಾಪ್ಸೂಲ್ ನುಂಗುವವರು ಬಹಳ. ರಕ್ತಕ್ಕೆ ಚೆನ್ನಾಗಿ ಸೇರಲಿ ಅಂತ ಕೆಲವು ಕಂಪನಿಗಳು ಅದಕ್ಕೆ ಕಾಳುಮೆಣಸಿನ ಸತ್ವ ಬೆರೆಸುತ್ತವೆ. ಅಂಥ ಅರಿಶಿನದ ಉತ್ಪನ್ನಗಳಿಂದ ಲಿವರಿಗೆ ಪೆಟ್ಟಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರ ಜಾಲವೊಂದು 2022ರಲ್ಲಿ ವಿವರಿಸಿತು. ಇನ್ನೊಂದು ನಮ್ಮ ಕಾಡಿನದೇ: ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಹೆಕ್ಕಿ, ಒಲೆಯ ಮೇಲೆ ಒಣಗಿಸಿ ಮಾರುತ್ತೇವಲ್ಲ, ಅದರ ಸತ್ವವೇ ಹೊರದೇಶಗಳಲ್ಲಿ ಗಾರ್ಸಿನಿಯಾ ಕಾಂಬೋಜಿಯಾ ಅನ್ನುವ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗುತ್ತದೆ. ಅದರಿಂದ ಲಿವರ್ ಕೆಟ್ಟವರಿದ್ದಾರೆ. ಸ್ಟಿರಾಯ್ಡ್‌ನಿಂದ ದಪ್ಪಗಾದ ಹುಡುಗಿಯರು ಆನ್‌ಲೈನ್‌ನಲ್ಲಿ ಇಂಥದ್ದನ್ನು ತರಿಸುತ್ತಾರೆ. ಅಡುಗೆಗೆ ಹಾಕುವ ಉಪ್ಪಾಗೆ ಹುಳಿಯ ಮೇಲೆ ನನ್ನದೇನೂ ತಕರಾರಿಲ್ಲ.

ಮಳೆಗಾಲದ ಜ್ವರ, ಮಳೆಗಾಲದ ರಸ್ತೆ

ಬೆಂಗಳೂರಿನ ರೋಗಿಗೂ ನಮ್ಮವರಿಗೂ ಇನ್ನೊಂದು ವ್ಯತ್ಯಾಸವಿದೆ. ಇಲ್ಲಿ ಜೂನ್ ಬಂತೆಂದರೆ ಇಲಿ ಜ್ವರ. ಗದ್ದೆ, ತೋಟದ ಕಾಲುವೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಬರುತ್ತದೆ, ಜೋರಾದರೆ ಕಣ್ಣು ಹಳದಿಯಾಗುತ್ತದೆ. ಬಾವಿ ನೀರು ಕೆಟ್ಟರೆ ಹೆಪಟೈಟಿಸ್ ಎ, ಇ. ಡೆಂಗಿಯಲ್ಲೂ ಎಸ್‌ಜಿಪಿಟಿ ಏರುತ್ತದೆ. ಸಿದ್ದಾಪುರದ ಕಡೆ ಮಳೆ ಮುಗಿದು ಬೇಸಿಗೆ ಹತ್ತಿರವಾದರೆ ಮಂಗನ ಕಾಯಿಲೆ, ಅದರಲ್ಲೂ ಲಿವರಿನ ಅಂಕಿ ಮೇಲೆ ಹೋಗುತ್ತದೆ. ಬಯಾಲಜಿಕ್ ಮೇಲಿರುವವನಿಗೆ ಜ್ವರ ಬಂದು ಎಸ್‌ಜಿಪಿಟಿ ಏರಿದರೆ ಮೊದಲು ಕೇಳಬೇಕಾದದ್ದು 'ತೋಟಕ್ಕೆ ಇಳಿದಿದ್ದೆಯಾ' ಅಂತ. ದೂರದ ನಗರದ ತಜ್ಞರಿಗೆ ಈ ಪ್ರಶ್ನೆ ಹೊಳೆಯದೇ ಹೋಗಬಹುದು. ಊರಿನ ಡಾಕ್ಟರಿಗೆ ಇದು ಹೊಳೆಯುತ್ತದೆ, ಇನ್‌ಫ್ಲಿಕ್ಸಿಮ್ಯಾಬ್ ಹೊಳೆಯುವುದಿಲ್ಲ.

ಗಂಟು ಇರುವುದು ಅಲ್ಲೇ. ಇಂಜೆಕ್ಷನ್ ಕೊಡುವವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿಯಲ್ಲಿ. ಕಾರವಾರದವರಾದರೆ ಗೋವಾದಲ್ಲಿ. ಟಿಬಿ ಮಾತ್ರೆ ಕೊಡುವವರು ತಾಲೂಕು ಆಸ್ಪತ್ರೆಯಲ್ಲಿ. ಜ್ವರಕ್ಕೆ ಔಷಧ ಪೇಟೆಯ ಕ್ಲಿನಿಕ್ಕಿನಲ್ಲಿ. ಕಷಾಯ ಅಡುಗೆಮನೆಯಲ್ಲಿ. ರಕ್ತದ ರಿಪೋರ್ಟು ಮೊಬೈಲಿನಲ್ಲಿ. ಈ ಐದನ್ನೂ ಒಂದು ಮೇಜಿನ ಮೇಲೆ ಇಟ್ಟು ನೋಡಿದವರು ಭಾವನ ವಿಷಯದಲ್ಲಿ ಎಂಟು ತಿಂಗಳವರೆಗೆ ಯಾರೂ ಇರಲಿಲ್ಲ.

ರಸ್ತೆಯ ಮಾತು ಎತ್ತಲೇಬೇಕು. ಇನ್‌ಫ್ಲಿಕ್ಸಿಮ್ಯಾಬ್ ಮೊದಲ ದಿನ, ಎರಡನೇ ವಾರ, ಆರನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ. ಇದು ತಪ್ಪುತ್ತ ಹೋದರೆ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ, ಔಷಧ ನಾಟುವುದಿಲ್ಲ, ಡ್ರಿಪ್ ಹಾಕುವಾಗ ಅಲರ್ಜಿ ಆಗುವುದೂ ಉಂಟು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮೂರು ವಾರಕ್ಕೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಘಟ್ಟದ ರಸ್ತೆಗಳಂತೂ ಮಳೆಗಾಲದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಜಿಲ್ಲೆಯಲ್ಲಿ ಜೋರಾದದ್ದು 2022ರ ಜುಲೈನಲ್ಲಿ. ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಟೋಲ್ ಗೇಟಿಗೆ ಗುದ್ದಿ ನಾಲ್ವರು ಸತ್ತರು. ಅದೂ ಶಿರೂರೇ, ಆದರೆ ಬೈಂದೂರಿನ ಶಿರೂರು. ಆ ಬೇಡಿಕೆ ನ್ಯಾಯದ್ದು. ಆದರೆ ನಾನು ಇಲ್ಲಿ ಹೇಳುತ್ತಿರುವ ಕೆಲಸಕ್ಕೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲ. ಎಲ್‌ಎಫ್‌ಟಿ ಅಂದರೆ ಲಿವರಿನ ರಕ್ತಪರೀಕ್ಷೆ, ಕೆಲವು ನೂರು ರೂಪಾಯಿಯದು, ಶಿರಸಿ, ಕುಮಟಾ, ಹೊನ್ನಾವರ, ಎಲ್ಲ ಕಡೆ ಆಗುತ್ತದೆ. ಶುರುವಿಗೆ ಮುಂಚೆ ಒಮ್ಮೆ, ಮೊದಲ ಕೆಲವು ತಿಂಗಳು ಪ್ರತಿ ಡ್ರಿಪ್ಪಿಗೆ ಮುಂಚೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿಸಿ ಕಳಿಸಿದರೆ ಸಾಮಾನ್ಯವಾಗಿ ಸಾಕು. ಡ್ರಿಪ್ ಹಾಕಲು ಬೇಕಾದದ್ದು ಒಂದು ಹಾಸಿಗೆ, ಅಲರ್ಜಿ ನಿಭಾಯಿಸಲು ಗೊತ್ತಿರುವ ನರ್ಸ್, ಒಬ್ಬ ವೈದ್ಯರು, ಎರಡು ಮೂರು ಗಂಟೆ. 2016ರಲ್ಲಿ ಕಾರವಾರಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ದೂರದ ತಜ್ಞರು ಬರೆದುಕೊಟ್ಟ ಡ್ರಿಪ್ಪನ್ನು ಜಿಲ್ಲೆಯಲ್ಲೇ ಹಾಕಿಸಿಕೊಳ್ಳುವ ಹಾಗಾದರೆ, ರಿಪೋರ್ಟು ನೋಡುವ ಕಣ್ಣೂ ಇಲ್ಲೇ ಇರುತ್ತದೆ. ಕಷಾಯದ ಬಗ್ಗೆ, ತೋಟದ ನೀರಿನ ಬಗ್ಗೆ ಕೇಳುವ ಬಾಯಿಯೂ.

ಭಾವನದ್ದು ಏನಾಯಿತು? ಡಾಕ್ಟರು ಇಂಜೆಕ್ಷನ್ ನಿಲ್ಲಿಸಲಿಲ್ಲ. ಕಷಾಯ ಬಿಡಿಸಿದರು, ಅಜಥಯೊಪ್ರಿನ್ ಅರ್ಧಕ್ಕೆ ಇಳಿಸಿದರು, ಎರಡು ವಾರಕ್ಕೊಮ್ಮೆ ರಕ್ತ ನೋಡಿದರು. 168 ಇದ್ದದ್ದು 96ಕ್ಕೆ ಬಂತು, ಆಮೇಲೆ 47. ನಡುವೆ ಒಂದು ಡ್ರಿಪ್ ಕೂಡ ಆಯಿತು. ಕಷಾಯವೋ ಮಾತ್ರೆಯೋ ಅಂತ ಆಣೆ ಮಾಡಿ ಹೇಳಲು ನನ್ನಿಂದಾಗದು, ಎರಡನ್ನೂ ಒಟ್ಟಿಗೇ ಮುಟ್ಟಿದ್ದರು. ಇಂಜೆಕ್ಷನ್ ಅಲ್ಲ ಅನ್ನುವುದು ಮಾತ್ರ ಹೆಚ್ಚುಕಡಿಮೆ ಖಾತ್ರಿ. ಅವನೀಗ ಫೈಲಿನ ಮೊದಲ ಹಾಳೆಯಲ್ಲಿ ತಾನು ಬಾಯಿಗೆ ಹಾಕುವುದನ್ನೆಲ್ಲ ಬರೆದಿಟ್ಟಿದ್ದಾನೆ, ದಿನಾಂಕದ ಸಮೇತ. ಕಷಾಯದ ಹೆಸರು ಬರೆದು ಅಡ್ಡಗೆರೆ ಎಳೆದಿದ್ದಾನೆ. ಅದರ ಕೆಳಗೆ 'ಮುರುಗಲು ಶರಬತ್ತು, ವಾರಕ್ಕೆರಡು' ಅಂತಲೂ ಇದೆ. ಅದಕ್ಕೆ ಡಾಕ್ಟರು ಅಡ್ಡಿಲ್ಲ ಅಂದಿದ್ದಾರಂತೆ.